ನಿರಪೇಕ್ಷ ಶ್ರುತಿಜ್ಞಾನ: ಜನ್ಮದತ್ತವೋ ಭಾಷಾದತ್ತವೋ?

ಆಧಾರಶ್ರುತಿಯ ನೆರವಿಲ್ಲದೆ ಸ್ವರವನ್ನು ಹೆಸರಿಸುವ ನಿರಪೇಕ್ಷ ಶ್ರುತಿಜ್ಞಾನವನ್ನು ಸಾಮಾನ್ಯವಾಗಿ ಜನ್ಮದತ್ತ ಪ್ರತಿಭೆಯೆಂದೇ ಭಾವಿಸಲಾಗುತ್ತದೆ. ಶ್ರುತಿಭೇದದಿಂದ ಪದದ ಅರ್ಥವೇ ಬದಲಾಗುವ ತಾನಭಾಷೆಗಳನ್ನು ಗಮನಿಸಿದಾಗ ಈ ಭಾವನೆಯನ್ನು ನಾವು ಮರುಪರಿಶೀಲಿಸಬೇಕಾಗುತ್ತದೆ. ಡಯಾನಾ ಡಾಯ್ಚ್ ಮತ್ತು ಸಂಗಡಿಗರ 2006ರ ಅಧ್ಯಯನದಲ್ಲಿ, 4–5ನೆಯ ವಯಸ್ಸಿನಲ್ಲಿ ಸಂಗೀತಾಭ್ಯಾಸ ಆರಂಭಿಸಿದವರ ಪೈಕಿ ಬೀಜಿಂಗ್‌ನ ಮಾಂಡರಿನ್ ಭಾಷಿಕರಲ್ಲಿ ಸುಮಾರು ಶೇ. 60 ಮಂದಿಗೆ ಈ ಸಾಮರ್ಥ್ಯವಿತ್ತು. ತಾನಭಾಷೆಯನ್ನಾಡದ ಅಮೆರಿಕದ ವಿದ್ಯಾರ್ಥಿಗಳಲ್ಲಿ ಶೇ. 14 ಮಂದಿಗೆ ಮಾತ್ರ. ಇದಕ್ಕೆ ವಂಶವಾಹಿ ಕಾರಣವೆ? ಅವರ 2009ರ ಅಧ್ಯಯನದಲ್ಲಿ, ತಾನಭಾಷೆಯನ್ನು ನಿರರ್ಗಳವಾಗಿ ಆಡದ ಪೂರ್ವ ಏಷ್ಯಾ ಮೂಲದವರ ಸಾಧನೆ ಯುರೋಪ್ ಮೂಲದವರದಕ್ಕಿಂತ ಭಿನ್ನವಾಗಿರಲಿಲ್ಲ. ಆದ್ದರಿಂದ ಈ ಅಂತರವನ್ನು ಭಾಷಾಪರಿಸರವೇ ಹೆಚ್ಚು ಸಮರ್ಪಕವಾಗಿ ವಿವರಿಸುತ್ತದೆಂಬುದು ನಮ್ಮ ನಿಲುವು. ಆದರೆ ಎಳವೆಯಲ್ಲೇ ಕಲಿತ ಮಾಂಡರಿನ್ ಭಾಷಿಕರಲ್ಲೂ ಸುಮಾರು ಶೇ. 40 ಮಂದಿಗೆ ಅದು ದಕ್ಕಿರಲಿಲ್ಲ. ಗುಂಪುಗಳ ನಡುವಣ ಅಂತರಕ್ಕೆ ಕೊಡುವ ವಿವರಣೆಯು ವ್ಯಕ್ತಿಗಳ ನಡುವಣ ಅಂತರಕ್ಕೆ ನೇರವಾಗಿ ಅನ್ವಯಿಸದು.