ಸಪೂರ ತಂತಿ, ಅಗಲ ತಗಡು

ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಮೊದಲು ಮೂಗಿಗೆ ತಾಗುವುದು ಕಲ್ಲಿದ್ದಲಿನ ಘಾಟು, ಆಮೇಲೆ ಕಿವಿ ತುಂಬುವುದು ಬಾಯ್ಲರಿನ ಮೊರೆತ. ಅದನ್ನು ದಾಟಿ ಚಿಮಣಿಯತ್ತ ನಡೆದರೆ, ಮೂರು ನಾಲ್ಕು ಅಂತಸ್ತಿನ ಮನೆಯೆತ್ತರದ, ಕಿಟಕಿಯೇ ಇಲ್ಲದ ಕಬ್ಬಿಣದ ಪೆಟ್ಟಿಗೆಗಳು. ಒಳಗಿಂದ ಆಗೊಮ್ಮೆ ಈಗೊಮ್ಮೆ ಠಣ್ಣೆನ್ನುವ ಸುತ್ತಿಗೆ ಏಟು. ಹೊಗೆಯಿಂದ ಬೂದಿ ಹಿಡಿಯುವ ಈ ಎಲೆಕ್ಟ್ರೋಸ್ಟಾಟಿಕ್ ಪ್ರೆಸಿಪಿಟೇಟರ್ ಕೆಲಸಗಾರರ ಬಾಯಲ್ಲಿ ಬರೀ ‘ಇಎಸ್‌ಪಿ’.

ಘಟಕ ನಿಂತು, ಪೆಟ್ಟಿಗೆ ತಣಿದು, ತಂತಿಗಳಿಗೆ ಅರ್ಥಿಂಗ್ ಕೊಟ್ಟ ಮೇಲಷ್ಟೇ ಇಂಥ ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ ಟಾರ್ಚ್ ಹಿಡಿದರೆ ಸಾಲುಸಾಲಾಗಿ ನೇತುಬಿದ್ದ ತಗಡುಗಳು, ಎರಡರ ನಡುವೆ ಭುಜ ತೂರಿಸುವಷ್ಟೇ ಅಗಲದ ಓಣಿ, ಓಣಿಯ ನಟ್ಟನಡುವೆ ಸುರುಳಿ ಸುತ್ತಿದ ಸಪೂರ ತಂತಿಗಳು. ಮುಟ್ಟಿದರೆ ಬೆರಳಿಗೆ ಬೂದಿ ಮೆತ್ತುತ್ತದೆ, ಹಿಟ್ಟಿಗಿಂತ ನುಣುಪು.

ಘಟಕ ಓಡುವಾಗ ಇದೇ ತಂತಿಗಳಲ್ಲಿ 40–50 ಸಾವಿರ ವೋಲ್ಟಿನ ಋಣ ವಿದ್ಯುತ್ತು. ತಂತಿ ಸಪೂರವಾದಷ್ಟೂ ಅದರ ಮೈಮೇಲೆ ವಿದ್ಯುತ್ತಿನ ಒತ್ತಡ ಹೆಚ್ಚಿ ನೇರಳೆ ಹೊಳಪು ಏಳುತ್ತದೆ. ಅಲ್ಲಿ ಹುಟ್ಟಿದ ಅಯಾನುಗಳು ಹಾರುಬೂದಿಗೆ ಅಂಟಿ ಅದನ್ನು ತಗಡಿನತ್ತ ಎಳೆಸುತ್ತವೆ. ಬರ್ಕ್ಲಿಯ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಕಾಟ್ರೆಲ್‌ಗೆ ದಾರಿ ತೋರಿದ್ದೂ ಈ ಹೊಳಪೇ. ಹತ್ತಿನೂಲು ಸುತ್ತಿದ ತಂತಿಯಲ್ಲಿ, ಎದ್ದುನಿಂತ ಒಂದೊಂದು ಎಳೆಯ ತುದಿಯೂ ಕತ್ತಲಲ್ಲಿ ಬೆಳಗಿದ್ದನ್ನು ಆತ ಕಂಡ; 1908ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು.

ತಗಡಿಗೆ ಮಾತ್ರ ಚೂಪು ಆಗಿಬರದು. ಅದರ ಅಂಚು ಮಡಿಸಿರುತ್ತಾರೆ, ಕಿಡಿ ಹಾರದಂತೆ, ಕೂತ ಬೂದಿ ಗಾಳಿಯ ಸೆಳೆತಕ್ಕೆ ಮತ್ತೆ ಏಳದಂತೆ. ನಮ್ಮ ಕಲ್ಲಿದ್ದಲಲ್ಲಿ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಬೂದಿಯೇ. ಅದೂ ವಿದ್ಯುತ್ತನ್ನು ಸುಲಭಕ್ಕೆ ಹರಿಯಗೊಡದ ಬೂದಿ. ತಗಡಿನ ಮೇಲೆ ಅದು ದಪ್ಪಗಟ್ಟಿದರೆ ಹೊಳಪು ತಗಡಿನ ಕಡೆಯಿಂದಲೇ ಎದ್ದು, ಧನ ಅಯಾನುಗಳು ಹೊರಟು, ಆದ ಕೆಲಸವೆಲ್ಲ ಕೆಡುತ್ತದೆ. ತಂತಿಗೆ ಬೂದಿ ಮೆತ್ತಿದರೆ ಅದರ ಚೂಪು ಸಾಯುತ್ತದೆ. ಹಾಗಾಗಿ ಸುತ್ತಿಗೆ ಎರಡಕ್ಕೂ ಬಡಿಯುತ್ತದೆ, ಉದುರಿದ್ದು ಕೆಳಗಿನ ಹಾಪರಿಗೆ ಬೀಳುತ್ತದೆ.

ಬಡಿಸಿಕೊಂಡು ಬಡಿಸಿಕೊಂಡು ಒಂದು ತಂತಿ ತುಂಡಾಗಿ ತಗಡಿಗೆ ತಾಗಿತೋ, ಆ ವಿಭಾಗವೇ ಶಾರ್ಟ್ ಆಗಿ ಸುಮ್ಮನಾಗುತ್ತದೆ. ಅದಕ್ಕೇ ಹಲವೆಡೆ ಈಗ ಮುಳ್ಳು ಬೆಸೆದ ಗಟ್ಟಿ ಕೊಳವೆಗಳು ಬಂದಿವೆ: ಮೈ ಮುರಿಯದು, ಮುಳ್ಳಿನ ತುದಿ ಚೂಪು ಬಿಡದು. 100 ಪಾಲು ಬೂದಿಯಲ್ಲಿ 99 ಹಿಡಿದರೆ ಸಾಕೆನಿಸಬಹುದು, 99.5 ಹಿಡಿದರೆ ಊರಿನ ಮೇಲೆ ಬೀಳುವ ಬೂದಿ ಅರ್ಧಕ್ಕೆ ಇಳಿಯುತ್ತದೆ. ಆ ಅರ್ಧ ಪಾಲಿಗಾಗಿಯೇ ತಂತ್ರಜ್ಞರು ಮುಳ್ಳಿನ ಉದ್ದ, ಓಣಿಯ ಅಗಲ, ಸುತ್ತಿಗೆಯ ಹೊತ್ತು ಎಲ್ಲವನ್ನೂ ಮತ್ತೆ ಮತ್ತೆ ಅಳೆಯುತ್ತಾರೆ.