ಬೆಕ್ಕಿನ ಮೂತ್ರಕಟ್ಟು: ಹೊತ್ತು ಮೀರಿದಷ್ಟೂ ಏರುವ ವೆಚ್ಚ

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯಂತಹ ರಾಗಿ, ರೇಷ್ಮೆ, ಹೈನುಗಾರಿಕೆಯ ಸೀಮೆಯಲ್ಲಿ ಬೆಕ್ಕು ಮನೆಯ ಮುದ್ದಿನ ಪ್ರಾಣಿಯಾಗಿರುವಂತೆಯೇ ದುಡಿಯುವ ಪ್ರಾಣಿಯೂ ಹೌದು. ರಾಗಿ ಚೀಲಕ್ಕೆ ತೂತು ಕೊರೆಯುವ ಮತ್ತು ಹುಳು ಮನೆಗೆ ನುಗ್ಗಿ ರೇಷ್ಮೆಹುಳುಗಳನ್ನು ತಿನ್ನುವ ಇಲಿಗಳಿಂದ ಫಸಲನ್ನು ಕಾಯುವುದು ಅದರ ಪಾಲಿನ ಕೆಲಸ. ಇಂತಹ ಬೆಕ್ಕಿಗೆ, ಅದರಲ್ಲಿಯೂ ಗಂಡು ಬೆಕ್ಕಿಗೆ, ಇದ್ದಕ್ಕಿದ್ದಂತೆ ಜೀವಕ್ಕೆ ಎರವಾಗಬಲ್ಲ ಕಾಯಿಲೆಗಳಲ್ಲಿ ಮೂತ್ರಕಟ್ಟು ಮುಖ್ಯವಾದುದು. ಅದರ ಚಿಕಿತ್ಸೆ ದುಬಾರಿಯೆಂಬುದು ನಿಜವಾದರೂ, ಆ ವೆಚ್ಚದ ದೊಡ್ಡ ಭಾಗವು ರೋಗಕ್ಕಿಂತ ಹೆಚ್ಚಾಗಿ ರೋಗವನ್ನು ಗುರುತಿಸುವಲ್ಲಿ ಆಗುವ ತಡದಿಂದ ಹುಟ್ಟುತ್ತದೆ.

ಮೂತ್ರಕೋಶ ಮತ್ತು ಅಲ್ಲಿಂದ ಮೂತ್ರವನ್ನು ಹೊರಸಾಗಿಸುವ ನಾಳಕ್ಕೆ ತಗಲುವ ಹಲವು ತೊಂದರೆಗಳನ್ನು ಪಶುವೈದ್ಯಶಾಸ್ತ್ರವು ಕೆಳ ಮೂತ್ರಾಂಗದ ಕಾಯಿಲೆ ಎಂಬ ಒಂದೇ ಹೆಸರಿನಡಿ ತರುತ್ತದೆ. ಹರೆಯದ ಹಾಗೂ ನಡುವಯಸ್ಸಿನ ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ನಿರ್ದಿಷ್ಟ ಕಾರಣ ಸಿಗದ ಮೂತ್ರಕೋಶದ ಉರಿಯೂತವಾಗಿದ್ದು, ಹೊಸ ಬೆಕ್ಕಿನ ಪ್ರವೇಶ, ಮನೆ ಬದಲಾವಣೆ ಮೊದಲಾದವುಗಳಿಂದ ಉಂಟಾಗುವ ಒತ್ತಡವು ಅದನ್ನು ಕೆರಳಿಸುತ್ತದೆ. ಬ್ಯಾಕ್ಟೀರಿಯಾ ಸೋಂಕು ಈ ವಯಸ್ಸಿನಲ್ಲಿ ಅಪರೂಪವಾದುದರಿಂದ, ಪರೀಕ್ಷೆಯಿಲ್ಲದೆ ಆ್ಯಂಟಿಬಯಾಟಿಕ್ ಕೊಡಿಸುವುದು ಬಹುಪಾಲು ವ್ಯರ್ಥ ಖರ್ಚು. ಇನ್ನುಳಿದ ಕಾರಣಗಳಲ್ಲಿ ಹರಳುಗಳು ಪ್ರಮುಖವಾದವು. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್‌ಗಳಿಂದಾದ ಸ್ಟ್ರುವೈಟ್ ಹರಳು ವಿಶೇಷ ಆಹಾರದಿಂದ ಕರಗುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಕರಗುವುದಿಲ್ಲ.

ಗಂಡು ಬೆಕ್ಕಿನ ಮೂತ್ರನಾಳವು ಹೆಣ್ಣಿನದಕ್ಕಿಂತ ಉದ್ದವೂ ತುದಿಯಲ್ಲಿ ಬಹಳ ಕಿರಿದೂ ಆಗಿರುವುದರಿಂದ ಹರಳು ಅಥವಾ ಲೋಳೆಯ ಸಣ್ಣ ಬಿರಡೆಯೂ ಅದನ್ನು ಪೂರ್ತಿ ಮುಚ್ಚಿಬಿಡಬಲ್ಲದು. ಹಾಗೆ ಮುಚ್ಚಿದಾಗ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ, ರಕ್ತದಲ್ಲಿ ಕಲ್ಮಶಗಳ ಜೊತೆಗೆ ಪೊಟ್ಯಾಸಿಯಂ ಏರುತ್ತದೆ. ಹೆಚ್ಚಿದ ಪೊಟ್ಯಾಸಿಯಂ ಹೃದಯದ ಬಡಿತವನ್ನು ತಪ್ಪಿಸಿ, ಎರಡು ಮೂರು ದಿನಗಳೊಳಗೆ ಸಾವು ತರಬಲ್ಲದು.

ಹಳ್ಳಿಯ ಬೆಕ್ಕು ತಿಪ್ಪೆ, ಬೂದಿಗುಡ್ಡೆ ಅಥವಾ ಮನೆ ಕಟ್ಟಲು ತಂದು ಸುರಿದ ಮರಳಿನಲ್ಲಿ ಉಚ್ಚೆ ಹೊಯ್ದು ಮುಚ್ಚಿಬಿಡುವುದರಿಂದ ಮೂತ್ರ ನಿಂತುಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ತಿಣುಕುವುದು, ನರಳುವುದು, ಹಿಂಭಾಗವನ್ನು ಬಿಡದೆ ನೆಕ್ಕುವುದು, ಹನಿ ಹನಿಯಾಗಿ ರಕ್ತ ಬೆರೆತ ಮೂತ್ರ ಬೀಳುವುದು ಇದರ ಲಕ್ಷಣಗಳು. ತಿಣುಕುವಿಕೆಯನ್ನು ಮಲಬದ್ಧತೆಯೆಂದು ಬಗೆದು ಹರಳೆಣ್ಣೆ ಕುಡಿಸಿ ಒಂದು ದಿನ ಕಾಯುವುದು ಆ ಬೆಕ್ಕಿನ ಉಳಿವಿನ ಹೊತ್ತನ್ನೇ ಕಳೆದಂತೆ. ನೋವಿಗೆಂದು ಮನುಷ್ಯರ ಪ್ಯಾರಾಸಿಟಮಾಲ್ ಕೊಡುವುದಂತೂ ಕೂಡದು, ಏಕೆಂದರೆ ಅದನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಬಿಗಿದ ಹೊಟ್ಟೆಯನ್ನು ಒತ್ತಿದರೆ ಮೂತ್ರಕೋಶ ಒಡೆಯುವ ಅಪಾಯವೂ ಉಂಟು.

ಬೇಗನೆ ಬಂದ ಬೆಕ್ಕಿಗೆ ಮಂಪರು ಬರಿಸಿ, ನಾಳದಲ್ಲಿ ತೆಳುವಾದ ಕ್ಯಾತೆಟರ್ ತೂರಿಸಿ ತಡೆಯನ್ನು ಬಿಡಿಸಿ, ಒಂದೆರಡು ದಿನ ಡ್ರಿಪ್ ಹಾಕಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ತಡವಾಗಿ ಬಂದ ಬೆಕ್ಕಿಗೆ ಇವುಗಳ ಜೊತೆಗೆ ಪದೇ ಪದೇ ರಕ್ತ ಪರೀಕ್ಷೆ, ಹೃದಯದ ನಿಗಾ ಮತ್ತು ಹೆಚ್ಚು ದಿನಗಳ ಒಳರೋಗಿ ಆರೈಕೆ ಬೇಕಾಗುವುದರಿಂದ ಬಿಲ್ಲು ಬೆಳೆಯುತ್ತದೆ. ಹೋಬಳಿ, ತಾಲ್ಲೂಕು ಮಟ್ಟದ ಸರ್ಕಾರಿ ಪಶು ಆಸ್ಪತ್ರೆಗಳು ಮುಖ್ಯವಾಗಿ ದನ, ಕುರಿ, ಮೇಕೆಗಳ ಅಗತ್ಯಕ್ಕೆ ರೂಪುಗೊಂಡಿದ್ದರೂ ಮೊದಲು ಅಲ್ಲಿಗೇ ಹೋಗುವುದು ಲೇಸು. ಅಲ್ಲಿನ ವೈದ್ಯರು ಹೊಟ್ಟೆ ಮುಟ್ಟಿ ನೋಡಿ ಕಟ್ಟಿರುವುದನ್ನು ಖಚಿತಪಡಿಸಬಲ್ಲರು, ಅಗತ್ಯವಿದ್ದರೆ ಸೂಜಿಯಿಂದ ಮೂತ್ರ ತೆಗೆದು ಪ್ರಯಾಣಕ್ಕೆ ಬೇಕಾದ ಹೊತ್ತನ್ನು ಒದಗಿಸಬಲ್ಲರು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಮುಂದಿನ ಆಸರೆಯಾದರೂ, ಅದು ನಗರದ ಉತ್ತರ ತುದಿಯಲ್ಲಿರುವುದರಿಂದ ಚನ್ನಪಟ್ಟಣದ ಕಡೆಯವರು ಇಡೀ ಬೆಂಗಳೂರನ್ನು ದಾಟಿ ಹೋಗಬೇಕಾಗುತ್ತದೆ. ಆದ್ದರಿಂದ ರಾತ್ರಿ ವೇಳೆ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿ ಬೆಕ್ಕಿನ ಅಳತೆಯ ಕ್ಯಾತೆಟರ್ ಇದೆಯೇ ಎಂಬುದನ್ನು ಬೆಕ್ಕು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು.

ಒಮ್ಮೆ ಕಟ್ಟಿದ್ದು ಮರುಕಳಿಸುವುದುಂಟು; ಅದನ್ನು ತಡೆಯುವಲ್ಲಿ ಅತ್ಯಂತ ಅಗ್ಗದ ಸಾಧನ ನೀರು. ಮರುಭೂಮಿಯ ಕಾಡುಬೆಕ್ಕಿನ ಸಂತತಿಯಾದ ಸಾಕುಬೆಕ್ಕು ಬಾಯಾರಿಕೆ ಕಡಿಮೆಯುಳ್ಳ ಪ್ರಾಣಿಯಾಗಿದ್ದು, ತನಗೆ ಬೇಕಾದ ನೀರಿನ ಬಹುಭಾಗವನ್ನು ಬೇಟೆಯ ಮೈಯಿಂದಲೇ ಪಡೆಯುವಂತೆ ರೂಪುಗೊಂಡಿದೆ. ಇಲಿಯ ಮೈಯಲ್ಲಿ ಮೂರನೇ ಎರಡು ಪಾಲಿನಷ್ಟು ನೀರಿದ್ದರೆ, ಅಂಗಡಿಯಲ್ಲಿ ಸಿಗುವ ಒಣ ಕಾಳಿನಂತಹ ಕ್ಯಾಟ್‌ಫುಡ್‌ನಲ್ಲಿರುವುದು ಶೇ. 10ರ ಆಸುಪಾಸು ಮಾತ್ರ. ಹಾಗಾಗಿ ಒಣ ಆಹಾರಕ್ಕೆ ನೀರು ಬೆರೆಸುವುದು, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ಅದರ ತಿಳಿಯೊಂದಿಗೆ ಕೊಡುವುದು, ಒಂದಕ್ಕಿಂತ ಹೆಚ್ಚು ಕಡೆ ಶುಚಿಯಾದ ನೀರಿಡುವುದು ಪ್ರಯೋಜನಕಾರಿ.

ಮತ್ತೆ ಮತ್ತೆ ಕಟ್ಟುವ ಗಂಡು ಬೆಕ್ಕಿಗೆ ನಾಳದ ಕಿರಿದಾದ ತುದಿಯನ್ನು ತೆಗೆದು ಅಗಲವಾದ ದಾರಿ ಮಾಡುವ ಶಸ್ತ್ರಚಿಕಿತ್ಸೆಯಿದ್ದು, ಅದು ತಡೆಯನ್ನು ತಪ್ಪಿಸುತ್ತದೆಯೇ ಹೊರತು ಮೂಲ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಇಂತಹ ಹಂತದಲ್ಲಿ ಖರ್ಚಿನ ಅಂದಾಜನ್ನು ಬರಹದಲ್ಲಿ ಕೇಳಿ ಪಡೆಯುವುದು, ಯಾವ ಪರೀಕ್ಷೆ ಈಗಲೇ ಬೇಕು, ಯಾವುದು ನಾಳೆಗೆ ನಿಲ್ಲಬಹುದು ಎಂದು ತಿಳಿಯುವುದು ಸಾಕುವವರ ಹಕ್ಕು. ಪ್ರಾಣಿಯನ್ನು ಅನಗತ್ಯ ನೋವಿನಿಂದ ಕಾಪಾಡುವ ಹೊಣೆಯನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 3ನೇ ಕಲಂ ಸಾಕುವವರ ಮೇಲೆಯೇ ಹೊರಿಸಿದೆ. ದುಬಾರಿ ದಾರಿ ಕೈಗೆಟುಕದಿದ್ದಾಗ ಆ ಹೊಣೆ ನೀಗುವ ಬೇರೆ ದಾರಿಗಳಲ್ಲಿ, ಬದುಕುವ ಭರವಸೆ ಇಲ್ಲದ ಬೆಕ್ಕಿಗೆ ವೈದ್ಯರ ಕೈಯಿಂದ ದಯಾಮರಣ ಕೊಡಿಸುವುದೂ ಸೇರುತ್ತದೆ. ಕೈಯಲ್ಲಿರುವ ಹಣವೆಷ್ಟೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ, ಆ ಹಣದೊಳಗೆ ಆಗಬಹುದಾದ ಚಿಕಿತ್ಸೆಯನ್ನು ಹೊತ್ತು ಮೀರದಂತೆ ಆರಂಭಿಸುವುದು ಅವರಿಗೂ ಸುಲಭವಾಗುತ್ತದೆ.