ಪುಟ್ಟ ಮಕ್ಕಳಿಗೆ ಗೇಮ್: ಕೊಡೋದಾ, ಬೇಡ್ವಾ?

ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಈಗ ಈ ಚರ್ಚೆ ಇದ್ದಿದ್ದೇ. ನಮ್ಮ ಮಗನಿಗೆ ಐದು ವರ್ಷ. "ಹತ್ತು ತುಂಬೋವರೆಗೂ ಮುಟ್ಟೋದೇ ಬೇಡ" ಅಂತಾರೆ ನಮ್ಮವರು. "ಊಟದ ಹೊತ್ತಲ್ಲಿ ಕೊಟ್ರೆ ಎರಡು ತುತ್ತು ಜಾಸ್ತಿ ತಿಂತಾನಲ್ಲಮ್ಮಾ" ಅನ್ನೋದು ಅತ್ತೆಯ ವಾದ. ಸಾಫ್ಟ್‌ವೇರ್ ಕೆಲಸದವಳು ಅಂತ ತೀರ್ಪು ನನ್ನ ತಲೆಗೆ ಬಂತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಸರಳವಾಗಿದೆ. ಎರಡು ವರ್ಷ ತುಂಬುವವರೆಗೆ ಮಗುವನ್ನು ಸ್ಕ್ರೀನ್ ಮುಂದೆ ಕೂರಿಸಬೇಡಿ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಗಂಟೆಯ ಲೆಕ್ಕವೊಂದೇ ಸಾಲದು. ಯಾವ ಗೇಮ್ ಅನ್ನೋದೂ ಅಷ್ಟೇ ಮುಖ್ಯ.

ನಮ್ಮ ಚೌಕಾಬಾರವನ್ನೇ ನೋಡಿ. ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗೀತು, ಕವಡೆ ಎತ್ತಿಟ್ಟು ಏಳೋದೇ. ಮೊಬೈಲಿನ ಎಷ್ಟೋ ಪುಕ್ಕಟೆ ಗೇಮ್‌ಗಳಿಗೆ ಮುಕ್ತಾಯವೇ ಇಲ್ಲ. ಅವುಗಳ ಆದಾಯ ಜಾಹೀರಾತಿನಿಂದ, ಆಟದೊಳಗೆ ಮಾರುವ ನಾಣ್ಯ, ಬಟ್ಟೆಗಳಿಂದ ಬರಬೇಕು. ಹಾಗಾಗಿ ಆಡುವವರು ಮತ್ತೆ ಮತ್ತೆ ಬರಲೇಬೇಕು. ದಿನಾ ಬಂದರೆ ಬಹುಮಾನ, ತಪ್ಪಿಸಿದರೆ ನಷ್ಟ, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ: ಇವೆಲ್ಲ ಯೋಚಿಸಿಯೇ ಬರೆದ ಕೋಡ್. ದೊಡ್ಡವರಾದ ನಮಗೇ ಫೋನ್ ಬಿಡೋಕಾಗಲ್ಲ, ಐದು ವರ್ಷದ ಮಗುವನ್ನು ಹಠಮಾರಿ ಅಂತ ಬೈದರೆ ಯಾವ ನ್ಯಾಯ?

ಅದಕ್ಕೇ ಯಾವುದೇ ಗೇಮನ್ನು ಮೊದಲು ನಾನೇ ಆಡಿ ನಾಲ್ಕು ವಿಷಯ ನೋಡ್ತೀನಿ:

* ಎಲ್ಲಾದರೂ ಮುಗಿಯುತ್ತಾ?
* ದುಡ್ಡು ಕೇಳುತ್ತಾ, ಜಾಹೀರಾತು ತೋರಿಸುತ್ತಾ?
* ಅಪರಿಚಿತರು ಮಾತಾಡಿಸಬಹುದಾ?
* ನೆಟ್ ಆಫ್ ಮಾಡಿದರೂ ಆಡಬಹುದಾ?

ಇದರಲ್ಲಿ ಪಾಸಾಗಿದ್ದು ಸ್ಕ್ರ್ಯಾಚ್ ಜೂನಿಯರ್. 5ರಿಂದ 7 ವರ್ಷದವರಿಗೆಂದೇ ಮಾಡಿರುವ ಉಚಿತ ಆ್ಯಪ್. ಬಣ್ಣದ ಬ್ಲಾಕ್ ಜೋಡಿಸಿದರೆ ಪರದೆ ಮೇಲಿನ ಬೆಕ್ಕು ನಡೆಯುತ್ತೆ, ಜಿಗಿಯುತ್ತೆ. ಮಗು ಬೇರೆಯವರ ಆಟ ಆಡೋದಲ್ಲ, ತನ್ನ ಕಥೆಯನ್ನು ತಾನೇ ಕಟ್ಟುತ್ತೆ.

ಕೊನೆಗೆ ಮನೆಯವರೆಲ್ಲ ಸೇರಿ ಮಾಡಿಕೊಂಡ ನಿಯಮ ಹೀಗಿದೆ. ಶನಿವಾರ, ಭಾನುವಾರ ಅರ್ಧರ್ಧ ಗಂಟೆ. ಹಾಲ್‌ನಲ್ಲಿ, ನಮ್ಮಲ್ಲೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ. ಊಟದ ಹೊತ್ತಲ್ಲಿ, ಮಲಗುವ ಮುಂಚೆ ಇಲ್ಲ. ಹೊಟ್ಟೆ ತುಂಬಿದ್ದು ಅವನಿಗೇ ಗೊತ್ತಾಗಬೇಕು ಅಂದಾಗ ಅತ್ತೆ ಅರೆಮನಸ್ಸಿನಿಂದ ಒಪ್ಪಿದರು. ಪ್ಲೇ ಸ್ಟೋರ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಕಡ್ಡಾಯ ಮಾಡಿದ್ದೀನಿ; ನೀವೂ ಮಾಡಿ.

ಇನ್ನೊಂದು ಮಾತು. ಗಡಿಯಾರ ನೋಡಲು ಬಾರದ ಮಗುವಿಗೆ "ಇನ್ನೈದೇ ನಿಮಿಷ" ಅಂದರೆ ಏನೂ ಅರ್ಥವಾಗಲ್ಲ. "ಬೆಕ್ಕು ಮನೆ ಸೇರಿದ ಮೇಲೆ ಸಾಕು" ಅನ್ನಿ, ಅರ್ಥವಾಗುತ್ತೆ. ಹಾಗಂದಾಗ ಎಷ್ಟೋ ಸಲ ಅವನೇ ಟ್ಯಾಬ್ ತಂದುಕೊಡ್ತಾನೆ. ಕೊಡದ ದಿನ ಅಳು ಇದ್ದೇ ಇರುತ್ತೆ. ಆದರೂ ಆಟ ಮುಂದುವರಿಸಲ್ಲ.